ಕೊಳದ ನೀರು ಚೆಲ್ಲುವ ಮೊದಲು ಅಳೆದು ನೋಡಿ

ಪ್ರಶ್ನೆ: ನಾವು ಪುಣೆಯ ವಾಘೋಲಿಯಲ್ಲಿದ್ದೇವೆ. ನಮ್ಮ ಸೊಸೈಟಿಯ ಈಜುಕೊಳ 15 ಮೀಟರ್ ಉದ್ದ, 6 ಮೀಟರ್ ಅಗಲ. ಒಂದು ಕಡೆ 3 ಅಡಿ ಆಳ, ಇನ್ನೊಂದು ಕಡೆ 5 ಅಡಿ. ನೀರೆಲ್ಲ ಟ್ಯಾಂಕರಿನದು. ಮಳೆ ಶುರುವಾದ ಮೇಲೆ ನೀರು ಹಸಿರಾಗಿ ಮಬ್ಬಾಗಿದೆ. ಮಕ್ಕಳಿಗೆ ಕಣ್ಣು ಉರಿಯುತ್ತದೆ, ಕ್ಲೋರಿನ್ ವಾಸನೆಯೂ ಜೋರಾಗಿದೆ. ಎರಡು ವರ್ಷದಿಂದ ದಿನಾ ಟಿಸಿಸಿಎ ಎಂಬ ಕ್ಲೋರಿನ್ ಪುಡಿ ಹಾಕುತ್ತಿದ್ದೇವೆ. ಹಳದಿ ಬಣ್ಣ ಬರುವ ಕಿಟ್‌ನಲ್ಲಿ ಕ್ಲೋರಿನ್ 3 ತೋರಿಸುತ್ತದೆ, ಪಿಹೆಚ್ 8.2. ಕರೆಂಟ್ ಉಳಿಸಲು ಮೋಟಾರ್ ದಿನಕ್ಕೆ 4 ಗಂಟೆ ಮಾತ್ರ ಓಡಿಸುತ್ತೇವೆ. ಗುತ್ತಿಗೆದಾರರು ನೀರೆಲ್ಲ ಚೆಲ್ಲಿ ಹೊಸದಾಗಿ ತುಂಬಿಸಿ ಎನ್ನುತ್ತಾರೆ. ಇನ್ನೊಬ್ಬರು ಓಝೋನ್ ಮಷಿನ್ ಹಾಕಿದರೆ ಕ್ಲೋರಿನ್ನೇ ಬೇಡ ಎನ್ನುತ್ತಾರೆ. ಕಮಿಟಿಯಲ್ಲಿ ಇದೇ ಜಗಳ. ಏನು ಮಾಡಲಿ? ಕೊಳ ನೋಡಿಕೊಳ್ಳುವ ಹುಡುಗ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ಕನ್ನಡದಲ್ಲಿ ಬರೆದರೆ ಅವನಿಗೂ ಓದಿ ಹೇಳುತ್ತೇನೆ.

ಉತ್ತರ:

ಇದನ್ನು ಓದಿ ಮುಗಿಸುವ ಮುಂಚೆಯೇ ಕೊಳದ ಗೇಟಿಗೆ ಬೀಗ ಹಾಕಿಸಿ. ಕಣ್ಣು ಉರಿಗಿಂತ ದೊಡ್ಡ ಕಾರಣ ಇದೆ. 5 ಅಡಿ ಕಡೆಯ ತಳದಲ್ಲಿ ಒಂದು ಜಾಲರಿ ಇರುತ್ತದೆ, ಮೋಟಾರ್ ನೀರು ಎಳೆದುಕೊಳ್ಳುವ ಜಾಗ. ದಡದಲ್ಲಿ ನಿಂತು ನೋಡಿದರೆ ಆ ಜಾಲರಿಯ ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಅದು ಕಾಣದಷ್ಟು ಮಬ್ಬಿದ್ದರೆ ಅಲ್ಲಿಗೆ ಇಳಿದುಹೋದ ಮಗುವೂ ಕಾಣುವುದಿಲ್ಲ. ಮುಳುಗುವ ಮಗು ಹೆಚ್ಚಾಗಿ ಕೂಗುವುದಿಲ್ಲ, ಸದ್ದಿಲ್ಲದೆ ಕೆಳಗೆ ಹೋಗುತ್ತದೆ. ಜಾಲರಿ ಕಾಣುವವರೆಗೆ ಯಾರೂ ಇಳಿಯುವಂತಿಲ್ಲ. ಯಾರ ಮಗನ ಬರ್ತ್‌ಡೇ ಪಾರ್ಟಿ ಇದ್ದರೂ ಅಷ್ಟೇ. ಹಾಗೇ ಆ ಜಾಲರಿಯ ಮುಚ್ಚಳ ಗಟ್ಟಿಯಾಗಿ ಕೂತಿದೆಯಾ, ಸ್ಕ್ರೂ ಎಲ್ಲ ಇದೆಯಾ ನೋಡಿಸಿ. ಮುಚ್ಚಳ ಸಡಿಲವಿದ್ದರೆ ಉದ್ದ ಕೂದಲು ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ದೊಡ್ಡವರು ಎಳೆದರೂ ಬಿಡಿಸುವುದು ಕಷ್ಟ.

ಈಗ ನೀರಿನ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. ಕ್ಲೋರಿನ್ 3 ಇದೆ ಎನ್ನುತ್ತೀರಿ, ನೀರು ಹಸಿರು ಮಬ್ಬು ಎಂದೂ ಹೇಳುತ್ತೀರಿ, ಅಂದರೆ ಪಾಚಿ ಬೆಳೆದಿರಬೇಕು. ಎರಡೂ ಒಟ್ಟಿಗೆ ಹೇಗೆ ಸಾಧ್ಯ? ಕೆಲಸ ಮಾಡುವ ಕ್ಲೋರಿನ್ 3 ಇದ್ದಿದ್ದರೆ ಪಾಚಿ ಇರುತ್ತಿರಲಿಲ್ಲ. ಅಂದರೆ ಕಿಟ್ ತೋರಿಸುತ್ತಿರುವುದು ಬೇರೇನೋ.

ಹಳದಿ ಬಣ್ಣದ ಕಿಟ್ ಒಟ್ಟು ಕ್ಲೋರಿನ್ ತೋರಿಸುತ್ತದೆ. ಅದರಲ್ಲಿ ಎರಡು ಪಾಲು ಸೇರಿರುತ್ತದೆ. ಒಂದು ಇನ್ನೂ ಕೆಲಸಕ್ಕೆ ಬಿಡುವಾಗಿರುವ ಕ್ಲೋರಿನ್. ಇನ್ನೊಂದು ಬೆವರು, ಮೂತ್ರದ ಜೊತೆ ಸೇರಿ ಸುಸ್ತಾಗಿರುವ ಕ್ಲೋರಿನ್, ಇದಕ್ಕೆ ಕ್ಲೋರಮೈನ್ ಎನ್ನುತ್ತಾರೆ. ಈಜುಕೊಳದ ಆ ಘಾಟು ವಾಸನೆ ಈ ಕ್ಲೋರಮೈನಿನದು. ಕಣ್ಣು ಉರಿಸುವುದೂ ಮುಖ್ಯವಾಗಿ ಅದೇ. ಹಾಗಾಗಿ ವಾಸನೆ ಜೋರಾಗಿದ್ದರೆ ಕ್ಲೋರಿನ್ ಜಾಸ್ತಿಯಾಗಿದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಆದರೆ ಸಾಮಾನ್ಯವಾಗಿ ಅಲ್ಲಿ ಕ್ಲೋರಿನ್ ಸಾಲದೇ ಇರುತ್ತದೆ. ಚೆನ್ನಾಗಿರುವ ಕೊಳಕ್ಕೆ ವಾಸನೆ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ.

ಹಳದಿ ಕಿಟ್ ಪಕ್ಕಕ್ಕಿಡಿ. ಗುಲಾಬಿ ಬಣ್ಣ ಬರುವ ಡಿಪಿಡಿ ಕಿಟ್ ತನ್ನಿ. ಅದರಲ್ಲಿ 1ನೇ ನಂಬರ್ ಮಾತ್ರೆ ಬಿಡುವಾಗಿರುವ ಕ್ಲೋರಿನ್ ತೋರಿಸುತ್ತದೆ. ಅದೇ ನೀರಿಗೆ 3ನೇ ನಂಬರ್ ಹಾಕಿದರೆ ಒಟ್ಟು ಸಿಗುತ್ತದೆ. ಒಟ್ಟರಿಂದ ಮೊದಲನೆಯದನ್ನು ಕಳೆದರೆ ಕ್ಲೋರಮೈನ್ ಎಷ್ಟು ಎಂದು ಗೊತ್ತಾಗುತ್ತದೆ. ಅದು 0.4 ಪಿಪಿಎಂ ಒಳಗಿರಬೇಕು, 0.2ರ ಒಳಗಿದ್ದರೆ ಇನ್ನೂ ಒಳ್ಳೆಯದು. ಒಂದು ಪಿಪಿಎಂ ಅಂದರೆ ಒಂದು ಲೀಟರ್ ನೀರಿಗೆ ಒಂದು ಮಿಲಿಗ್ರಾಂ. ಹುಡುಗನಿಗೆ ಒಂದು ವಿಷಯ ಹೇಳಿ. ಕ್ಲೋರಿನ್ 10 ದಾಟಿದರೆ ಡಿಪಿಡಿಯ ಗುಲಾಬಿ ಬಣ್ಣವೇ ಬಿಳಿಚಿ ಹೋಗಬಹುದು. ಆಗ ಕ್ಲೋರಿನ್ ಇಲ್ಲವೇ ಇಲ್ಲ ಎಂದುಕೊಂಡು ಇನ್ನಷ್ಟು ಸುರಿಯುವವರನ್ನು ನೋಡಿದ್ದೇನೆ. ಅನುಮಾನ ಬಂದರೆ ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಬಾಟಲಿ ನೀರು ಸೇರಿಸಿ ಅಳೆಯಲಿ, ಬಂದದ್ದನ್ನು ಐದರಿಂದ ಗುಣಿಸಲಿ.

ಇನ್ನು ಪಿಹೆಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎನ್ನುವ ಅಳತೆ. ನೀರಿನಲ್ಲಿ ಕ್ಲೋರಿನ್ ಎರಡು ರೂಪದಲ್ಲಿರುತ್ತದೆ. ಒಂದು ಚುರುಕಾದದ್ದು, ರೋಗಾಣುವನ್ನು ಬೇಗ ಕೊಲ್ಲುತ್ತದೆ. ಇನ್ನೊಂದು ಮಂದ. ಪಿಹೆಚ್ 7.5 ಇದ್ದರೆ ಹೆಚ್ಚುಕಮ್ಮಿ ಅರ್ಧರ್ಧ. ನಿಮ್ಮ 8.2ಕ್ಕೆ ಬಂದರೆ ಚುರುಕಾದ ಪಾಲು ಆರರಲ್ಲಿ ಒಂದಕ್ಕೆ ಇಳಿಯುತ್ತದೆ. ಟಿಸಿಸಿಎ ಸ್ವತಃ ಹುಳಿ ಗುಣದ್ದು, ಪಿಹೆಚ್ ಇಳಿಸುವಂಥದ್ದು. ಆದರೂ ನಿಮ್ಮಲ್ಲಿ ಪಿಹೆಚ್ ಮೇಲಿದೆ ಅಂದರೆ ಅದಕ್ಕೆ ಟ್ಯಾಂಕರ್ ನೀರೇ ಕಾರಣ. ಆ ಭಾಗದ ಟ್ಯಾಂಕರುಗಳಲ್ಲಿ ಬಾವಿ, ಬೋರ್‌ವೆಲ್ ನೀರೇ ಜಾಸ್ತಿ. ದಖ್ಖನ್ನಿನ ಕಪ್ಪುಕಲ್ಲಿನೊಳಗಿಂದ ಬರುವ ಗಡಸು ನೀರು. ಅದರಲ್ಲಿ ಕ್ಷಾರದ ಅಂಶ ಹೆಚ್ಚು, ಕರಗಿದ ಕಾರ್ಬನ್ ಡೈಆಕ್ಸೈಡ್ ಗಾಳಿಯೂ ಇರುತ್ತದೆ. ಕೊಳಕ್ಕೆ ಬಿದ್ದು ಚಿಮ್ಮಿದಾಗ, ಸೋಡಾ ಬಾಟಲಿ ತೆರೆದಿಟ್ಟ ಹಾಗೆ, ಆ ಗಾಳಿ ಹಾರಿಹೋಗುತ್ತದೆ. ಪಿಹೆಚ್ ತಾನಾಗಿಯೇ ಏರುತ್ತದೆ.

ಆದರೆ ನಿಮ್ಮ ಕೊಳದ ದೊಡ್ಡ ಕಾಯಿಲೆ ಪಿಹೆಚ್ ಅಲ್ಲ ಎಂದು ನನ್ನ ಅಂದಾಜು. ಎರಡು ವರ್ಷದ ಟಿಸಿಸಿಎ. ಈ ಪುಡಿಯಲ್ಲಿ ಕ್ಲೋರಿನ್ ಜೊತೆಗೆ ಸೈನ್ಯೂರಿಕ್ ಆಸಿಡ್ ಎಂಬುದು ಅಂಟಿಕೊಂಡೇ ಬರುತ್ತದೆ. ಅದು ಬಿಸಿಲಿಗೆ ಕ್ಲೋರಿನ್ ಹಾರಿಹೋಗದಂತೆ ಹಿಡಿದಿಡುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದೇ, ತೆರೆದ ಕೊಳಕ್ಕೆ 30ರಿಂದ 50 ಪಿಪಿಎಂ ಬೇಕು. ಅದಿಲ್ಲದಿದ್ದರೆ ಏಪ್ರಿಲ್ ಬಿಸಿಲಿನಲ್ಲಿ ಬೆಳಿಗ್ಗೆ ಹಾಕಿದ ಕ್ಲೋರಿನ್ ಮಧ್ಯಾಹ್ನದೊಳಗೆ ಖಾಲಿ. ತೊಂದರೆ ಏನೆಂದರೆ ಕ್ಲೋರಿನ್ ದಿನಾ ಖರ್ಚಾಗುತ್ತದೆ, ಸೈನ್ಯೂರಿಕ್ ಖರ್ಚಾಗುವುದಿಲ್ಲ. ಆವಿಯಾಗುವುದಿಲ್ಲ, ಫಿಲ್ಟರ್‌ಗೂ ಸಿಗುವುದಿಲ್ಲ. ಟಿಸಿಸಿಎಯಿಂದ 10 ಪಿಪಿಎಂ ಕ್ಲೋರಿನ್ ಹಾಕಿದರೆ ಸುಮಾರು 6 ಪಿಪಿಎಂ ಸೈನ್ಯೂರಿಕ್ ಉಳಿದುಬಿಡುತ್ತದೆ. ದಿನಕ್ಕೆ 2 ಪಿಪಿಎಂ ಕ್ಲೋರಿನ್ ಹಾಕುತ್ತೀರಿ ಎಂದುಕೊಳ್ಳಿ. ತಿಂಗಳಿಗೆ 36, ಮೂರು ತಿಂಗಳಿಗೆ 100 ದಾಟಿತು. ಅಷ್ಟಾದ ಮೇಲೆ ಅದು ಕ್ಲೋರಿನ್ನನ್ನು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದರೆ ಕ್ಲೋರಿನ್ ಇದ್ದೂ ಇಲ್ಲದ ಹಾಗೆ. ಸೈನ್ಯೂರಿಕ್ 100 ಇರುವ ಕೊಳದಲ್ಲಿ ಪಾಚಿ ತಡೆಯಲು ಕ್ಲೋರಿನ್ 7–8 ಬೇಕಾಗುತ್ತದೆ. ನಿಮ್ಮ 3 ಯಾವ ಮೂಲೆಗೆ ಸಾಕು?

ಇದನ್ನು ಅಳೆಯುವುದು ಸುಲಭ. ತಳದಲ್ಲಿ ಕಪ್ಪು ಚುಕ್ಕೆ ಇರುವ ಒಂದು ಕೊಳವೆ ಸಿಗುತ್ತದೆ. ಮದ್ದು ಬೆರೆಸಿದ ನೀರು ಸುರಿಯುತ್ತಾ ಹೋದರೆ ಹಾಲಿನಂತಾಗಿ ಚುಕ್ಕೆ ಮರೆಯಾಗುತ್ತದೆ. ಎಲ್ಲಿ ಮರೆಯಾಯಿತೋ ಅಲ್ಲಿರುವ ಅಂಕಿಯೇ ಉತ್ತರ. 100ರ ಗೆರೆಗಿಂತ ಮೊದಲೇ ಮರೆಯಾದರೆ ಅರ್ಧಕ್ಕರ್ಧ ಬಾಟಲಿ ನೀರು ಬೆರೆಸಿ ಮತ್ತೆ ನೋಡಿ, ಎರಡರಿಂದ ಗುಣಿಸಿ.

ಈಗ ಗುತ್ತಿಗೆದಾರರ ಮಾತಿಗೆ ಬರುತ್ತೇನೆ. ಅವರು ಹೇಳುವುದರಲ್ಲಿ ಅರ್ಧ ಸತ್ಯ ಇದೆ. ಸೈನ್ಯೂರಿಕ್ ಇಳಿಸಲು ನೀರು ಬದಲಿಸುವುದೇ ನಂಬಬಹುದಾದ ದಾರಿ. ಆದರೆ ಎಲ್ಲ ಚೆಲ್ಲಿ, ಹೊಸ ನೀರು ತುಂಬಿ, ಮತ್ತೆ ಅದೇ ಟಿಸಿಸಿಎ ಶುರು ಮಾಡಿದರೆ ದಸರಾ ದಾಟುವಷ್ಟರಲ್ಲಿ ಇದೇ ಹಸಿರು ನೀರು ವಾಪಸ್ ಬರುತ್ತದೆ. ನಿಮ್ಮ ಕೊಳದ ಲೆಕ್ಕ ನೋಡಿ. 15 ಗುಣಿಸು 6, ಸರಾಸರಿ ಆಳ 4 ಅಡಿ ಅಂದರೆ 1.2 ಮೀಟರ್. ಒಟ್ಟು 108 ಘನ ಮೀಟರ್, 1,08,000 ಲೀಟರ್. 10,000 ಲೀಟರಿನ ಟ್ಯಾಂಕರ್ ಆದರೆ 11 ಬೇಕು. ವಾಘೋಲಿಯಲ್ಲಿ ಕುಡಿಯುವ ನೀರಿಗೇ ಟ್ಯಾಂಕರ್ ಕಾಯುವ ಮನೆಗಳಿರುವಾಗ ಅಷ್ಟು ನೀರನ್ನು ಸುಮ್ನೆ ಗಟಾರಕ್ಕೆ ಬಿಡುವುದು ನನಗೆ ಸಹಿಸಲಾಗದ ಮಾತು.

ಇನ್ನೊಂದು ಅಪಾಯವೂ ಇದೆ. ನಿಮ್ಮ ಕೊಳ ನೆಲದೊಳಗೆ ತೋಡಿದ್ದಾ, ಇಲ್ಲ ಪಾರ್ಕಿಂಗ್ ಮೇಲಿನ ಪೋಡಿಯಂನಲ್ಲಿದೆಯಾ? ನೆಲದೊಳಗಿದ್ದರೆ ಮಳೆಗಾಲದಲ್ಲಿ ಪೂರ್ತಿ ಖಾಲಿ ಮಾಡಲೇಬೇಡಿ. ಸುತ್ತಲಿನ ಮಣ್ಣಿನಲ್ಲಿ ನೀರು ಮೇಲೆ ಬಂದಿರುತ್ತದೆ. ಒಳಗಿನ ನೀರಿನ ಭಾರ ಹೋದ ಕೂಡಲೇ ಕೆಳಗಿನ ನೀರು ಕೊಳವನ್ನೇ ಮೇಲಕ್ಕೆ ಒತ್ತುತ್ತದೆ. ಟೈಲ್ಸ್ ಎದ್ದು ಬರುತ್ತವೆ, ತಳ ಬಿರುಕು ಬಿಡುತ್ತದೆ. ಟ್ಯಾಂಕರ್ ಖರ್ಚು ಅದರ ಮುಂದೆ ಏನೂ ಅಲ್ಲ. ಪೋಡಿಯಂ ಮೇಲಿದ್ದರೆ ಈ ಭಯ ಇಲ್ಲ.

ಹಾಗಾಗಿ ಮೊದಲು ಸೈನ್ಯೂರಿಕ್ ಅಳೆಯಿರಿ. 60ರ ಒಳಗಿದ್ದರೆ ನೀರು ತೆಗೆಯುವ ಗೋಜಿಗೇ ಹೋಗಬೇಡಿ. 100ರ ಹತ್ತಿರ ಇದ್ದರೆ ಅರ್ಧ ನೀರು ಬದಲಿಸಬೇಕು. ನಿಮ್ಮ ಕೊಳದಲ್ಲಿ ಒಂದು ಅಡಿ ಇಳಿಸಿದರೆ 27,000 ಲೀಟರ್, ಅಂದರೆ ಕಾಲು ಭಾಗ. ಪೋಡಿಯಂ ಮೇಲಿನ ಕೊಳವಾದರೆ ಒಂದೇ ಸಲಕ್ಕೆ ಎರಡು ಅಡಿ ಇಳಿಸಿ, 100 ಇದ್ದದ್ದು 50ಕ್ಕೆ ಬರುತ್ತದೆ. ನೆಲದೊಳಗಿನದಾದರೆ ಒಂದೊಂದೇ ಅಡಿ ಇಳಿಸಿ ತುಂಬಿಸಿ. ಹೀಗೆ ಮಾಡಿದರೆ ಎರಡು ಸಲಕ್ಕೆ ಅರ್ಧ ಆಗುವುದಿಲ್ಲ, 56ಕ್ಕೆ ನಿಲ್ಲುತ್ತದೆ. ಎರಡನೇ ಸಲ ತೆಗೆಯುವಾಗ ಹೊಸ ನೀರೂ ಸ್ವಲ್ಪ ಹೋಗುತ್ತದಲ್ವಾ? ಮೂರನೇ ಸಲಕ್ಕೆ 42.

ತುಂಬಿಸಲು ಮಳೆಯನ್ನೇ ಬಳಸಿಕೊಳ್ಳಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಿಮ್ಮ ಕೊಳದ ಬಾಯಿ 90 ಚದರ ಮೀಟರ್. 100 ಮಿಲಿಮೀಟರ್ ಮಳೆಗೆ 9,000 ಲೀಟರ್, ಹೆಚ್ಚುಕಮ್ಮಿ ಒಂದು ಟ್ಯಾಂಕರ್ ನೀರು ಆಕಾಶದಿಂದಲೇ ಬರುತ್ತದೆ. ಅದರಲ್ಲಿ ಸೈನ್ಯೂರಿಕ್ ಇಲ್ಲ, ಗಡಸುತನ ಇಲ್ಲ. ಹೇಗೂ ಬೀಗ ಹಾಕಿದ್ದೀರಿ, ಎರಡು ವಾರ ತಡೆದರೆ ನಷ್ಟ ಏನಿಲ್ಲ. ತಾರಸಿ ನೀರನ್ನು ಮಾತ್ರ ಕೊಳಕ್ಕೆ ಬಿಡಬೇಡಿ, ಪಾರಿವಾಳದ ಹಿಕ್ಕೆಯೆಲ್ಲ ಸೇರುತ್ತದೆ. ಹೊರಗೆ ತೆಗೆದ ನೀರು ಗಿಡಕ್ಕೆ ಹಾಕುವುದಾದರೆ ಡಿಪಿಡಿಯಲ್ಲಿ ಕ್ಲೋರಿನ್ ಇಲ್ಲ ಎಂದು ಬಂದ ಮೇಲೆ ಹಾಕಿ.

ಇಷ್ಟಾದ ಮೇಲೆ ಪಾಚಿ ಕೊಲ್ಲುವ ಕೆಲಸ. ಅದಕ್ಕೂ ಮುಂಚೆ ಒಂದು ಸಣ್ಣ ಪರೀಕ್ಷೆ. ನೀವು ಹಸಿರು ಮಬ್ಬು ಎಂದಿದ್ದೀರಿ, ಹಾಗಾಗಿ ಪಾಚಿಯೇ ಇರಬೇಕು. ನೀರು ಹಸಿರಾಗಿದ್ದೂ ತಳ ಸ್ಪಷ್ಟವಾಗಿ ಕಂಡಿದ್ದರೆ ಅದು ಕಬ್ಬಿಣ ಅಥವಾ ತಾಮ್ರದ ಬಣ್ಣ. ಟ್ಯಾಂಕರ್ ಬಂದಾಗ ಬಿಳಿ ಬಕೆಟ್‌ನಲ್ಲಿ ಆ ನೀರು ಹಿಡಿದು, ಒಂದು ಮುಚ್ಚಳ ದ್ರವ ಹೈಪೋ (ಸೋಡಿಯಂ ಹೈಪೋಕ್ಲೋರೈಟ್ ಎಂಬ ದ್ರವ ಕ್ಲೋರಿನ್) ಹಾಕಿ ಅರ್ಧ ಗಂಟೆ ಬಿಡಿ. ತೆಳು ಚಹಾದ ಬಣ್ಣ ಬಂದರೆ ಕಬ್ಬಿಣ ಇದೆ. ಅಂಥ ಟ್ಯಾಂಕರ್ ಕೊಳಕ್ಕೆ ಬೇಡ. ಕಾಯುವುದು ಬಿಟ್ಟರೆ ಇದು ಎರಡು ನಿಮಿಷದ ಕೆಲಸ, ಪ್ರತಿ ಸಲವೂ ಮಾಡಿ.

ಪಿಹೆಚ್ ಮೊದಲು 7.2ರಿಂದ 7.4ಕ್ಕೆ ತನ್ನಿ. ನಿಮ್ಮ ಅಳತೆಯ ಕೊಳಕ್ಕೆ ಸುಮಾರು 30 ಶೇಕಡಾದ ಹೈಡ್ರೋಕ್ಲೋರಿಕ್ ಆಸಿಡ್ ಒಂದು ಲೀಟರ್. ಅದನ್ನು ಅರ್ಧ ಬಕೆಟ್ ನೀರಿಗೆ ನಿಧಾನವಾಗಿ ಸುರಿದು, ಆಳದ ಕಡೆ ಗೋಡೆಯುದ್ದಕ್ಕೂ ಹಾಕಬೇಕು. ನೀರಿಗೆ ಆಸಿಡ್, ಆಸಿಡ್‌ಗೆ ನೀರಲ್ಲ. ನಾಲ್ಕು ಗಂಟೆ ಮೋಟಾರ್ ಓಡಲಿ, ಮತ್ತೆ ಅಳೆಯಿರಿ, ಬೇಕಾದರೆ ಇನ್ನೊಂದು ಲೀಟರ್. ನಿಮ್ಮ ನೀರಿಗೆ ಎರಡು ಮೂರು ಸಲ ಬೇಕಾಗಬಹುದು. ಒಟ್ಟು ಕ್ಷಾರ 80ರಿಂದ 120 ಪಿಪಿಎಂ ನಡುವೆ ಬಂದು ನಿಂತರೆ ಪಿಹೆಚ್ ಆಮೇಲೆ ಅಷ್ಟು ಕಾಡುವುದಿಲ್ಲ.

ಟಿಸಿಸಿಎ ನಿಲ್ಲಿಸಿ, ದ್ರವ ಹೈಪೋಗೆ ಬನ್ನಿ. ಒಣ ಕ್ಯಾಲ್ಸಿಯಂ ಹೈಪೋ ಕೂಡ ಒಳ್ಳೆಯ ಮದ್ದೇ. ಆದರೆ ಅದು ನೀರಿಗೆ ಸುಣ್ಣದ ಅಂಶ ಸೇರಿಸುತ್ತದೆ, ನಿಮ್ಮ ಟ್ಯಾಂಕರ್ ನೀರು ಮೊದಲೇ ಗಡಸು. ಟೈಲ್ಸ್ ಮೇಲೆ ಬಿಳಿ ಪೊರೆ ಕಟ್ಟಿಕೊಳ್ಳುತ್ತದೆ. ದ್ರವ ಹೈಪೋ 10 ಶೇಕಡಾದ್ದಾದರೆ ನಿಮ್ಮ ಕೊಳಕ್ಕೆ ಲೆಕ್ಕ ಬಹಳ ಸುಲಭ. ಒಂದು ಲೀಟರ್ ಹಾಕಿದರೆ ಸರಿಸುಮಾರು ಒಂದು ಪಿಪಿಎಂ ಏರುತ್ತದೆ. ಹುಡುಗನಿಗೆ ಇಷ್ಟು ನೆನಪಿದ್ದರೆ ಸಾಕು. ಹೈಪೋ ಬಿಸಿಲಿಗೆ, ಸೆಕೆಗೆ ಶಕ್ತಿ ಕಳೆದುಕೊಳ್ಳುತ್ತದೆ. ಒಂದು ತಿಂಗಳಿಗಾಗುವಷ್ಟು ತಂದಿಡಬೇಡಿ. ವಾರಕ್ಕೆ ಬೇಕಾದಷ್ಟು ತಂದು ನೆರಳಿನಲ್ಲಿಡಿ.

ಸೈನ್ಯೂರಿಕ್ 50ರ ಆಸುಪಾಸಿಗೆ ಬಂದ ಮೇಲೆ, ಸಂಜೆ ಸೂರ್ಯ ಮುಳುಗಿದ ನಂತರ, ಕ್ಲೋರಿನ್ 20ಕ್ಕೆ ಏರಿಸಿ. ಮೋಟಾರ್ ಹಗಲು ರಾತ್ರಿ ಓಡಲಿ. ಗೋಡೆ, ಮೆಟ್ಟಿಲ ಸಂದು, ಏಣಿಯ ಹಿಂಭಾಗ, ದೀಪದ ಗೂಡು ಎಲ್ಲ ಕಡೆ ದಿನಕ್ಕೆ ಎರಡು ಸಲ ಬ್ರಶ್ ಹಾಕಿ ಉಜ್ಜಬೇಕು. ನಮ್ಮ ಶಿರಸಿ ಕಡೆ ಅಂಗಳದ ಹಾವಸೆಯನ್ನು ಸುಣ್ಣ ಹಾಕಿ ಬಿಟ್ಟರೆ ಹೋಗುವುದಿಲ್ಲ, ಕತ್ತದಿಂದ ತಿಕ್ಕಲೇಬೇಕು. ಇಲ್ಲೂ ಹಾಗೇ. ಪಾಚಿಯ ಮೇಲೆ ಲೋಳೆಯ ಪದರ ಇರುತ್ತದೆ, ಉಜ್ಜದಿದ್ದರೆ ಮದ್ದು ಒಳಗೆ ಹೋಗುವುದಿಲ್ಲ. ಕ್ಲೋರಿನ್ ಇಳಿದಷ್ಟೂ ಮತ್ತೆ 20ಕ್ಕೆ ತನ್ನಿ. ಮೂರ್ನಾಲ್ಕು ದಿನದಲ್ಲಿ ಹಸಿರು ಹೋಗಿ ಬೂದು ಬಿಳುಪು ಆಗುತ್ತದೆ. ಅದು ಸತ್ತ ಪಾಚಿ. ಇನ್ನು ಅದನ್ನು ಹಿಡಿಯುವುದು ಫಿಲ್ಟರ್ ಕೆಲಸ.

ಕೆಲಸ ಮುಗಿಯಿತು ಎಂದು ಹೇಗೆ ಗೊತ್ತಾಗಬೇಕು? ರಾತ್ರಿ ಮಲಗುವ ಮುಂಚೆ ಕ್ಲೋರಿನ್ ಅಳೆದು ಬರೆದಿಡಿ. ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ರಾತ್ರಿ ಬಿಸಿಲಿಲ್ಲ, ಈಜುವವರಿಲ್ಲ. ಆದರೂ ಒಂದು ಪಿಪಿಎಂಗಿಂತ ಜಾಸ್ತಿ ಖರ್ಚಾಗಿದ್ದರೆ ನೀರಿನಲ್ಲಿ ಜೀವ ಇನ್ನೂ ಉಳಿದಿದೆ ಎಂದರ್ಥ. ನನಗೆ ಗೊತ್ತಿರುವ ಪರೀಕ್ಷೆಗಳಲ್ಲಿ ಇದಕ್ಕಿಂತ ಪ್ರಾಮಾಣಿಕವಾದದ್ದು ಇನ್ನೊಂದಿಲ್ಲ.

ಯಾರಾದರೂ ಮೈಲುತುತ್ತ ಹಾಕಿ ಎಂದು ಹೇಳಿಯೇ ಹೇಳುತ್ತಾರೆ. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಹೊಡೆದು ಬೆಳೆದವನು ನಾನು, ಅದು ಪಾಚಿಯನ್ನು ಕೊಲ್ಲುವುದು ನಿಜ. ಆದರೆ ಅದರಲ್ಲಿರುವ ತಾಮ್ರ ನೀರಿನಲ್ಲೇ ಉಳಿಯುತ್ತದೆ. ಪಿಹೆಚ್ ಏರಿದರೆ ಟೈಲ್ಸ್ ಮೇಲೆ ಕಲೆಯಾಗಿ ಕೂರುತ್ತದೆ, ಕೂದಲಿಗೆ ಹಸಿರು ಛಾಯೆ ಹತ್ತುತ್ತದೆ. ರೋಗಾಣು ವಿಷಯದಲ್ಲಿ ಅದನ್ನು ಕ್ಲೋರಿನ್ ಬದಲಿಗೆ ನಂಬುವಂತಿಲ್ಲ. ಬೇಡ. ಪಟಿಕದ ವಿಷಯದಲ್ಲಿ, ಮರಾಠಿಯವರು ತುರಟಿ ಎನ್ನುತ್ತಾರಲ್ಲ ಅದು, ನಾನು ಅಷ್ಟು ಕಟ್ಟುನಿಟ್ಟಿಲ್ಲ. ತೀರಾ ನುಣ್ಣನೆಯ ಮಬ್ಬು ಉಳಿದರೆ ಒಮ್ಮೆ ಬಳಸಬಹುದು. ರಾತ್ರಿ ಹಾಕಿ, ಮೋಟಾರ್ ನಿಲ್ಲಿಸಿ, ಬೆಳಿಗ್ಗೆ ತಳದಲ್ಲಿ ಕೂತ ಕೆಸರನ್ನು ವ್ಯಾಕ್ಯೂಮ್ ಮಾಡಿ ನೇರ ಹೊರಗೆ ಬಿಡಬೇಕು. ಅದನ್ನು ಫಿಲ್ಟರ್ ಮೂಲಕ ಎಳೆದರೆ ಮರಳು ಕಟ್ಟಿಕೊಳ್ಳುತ್ತದೆ. ಪಟಿಕ ಪಿಹೆಚ್ ಕೂಡ ಇಳಿಸುತ್ತದೆ, ಹಾಗಾಗಿ ಮರುದಿನ ಅಳೆಯಲು ಮರೆಯಬೇಡಿ. ವಾರ ವಾರ ಪಟಿಕ ಹಾಕುವ ಕೊಳ ಅಂದರೆ ಅಲ್ಲಿ ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದೇ ತಿಳಿಯಿರಿ.

ಫಿಲ್ಟರ್ ಬಗ್ಗೆ ಸ್ವಲ್ಪ ಉದ್ದವಾಗಿ ಹೇಳಬೇಕು. ಕಮಿಟಿಯಲ್ಲಿ ನಿಮಗೆ ಜಗಳ ಆಗುವುದೂ ಇಲ್ಲೇ. ನಿಮ್ಮ ಮರಳು ಫಿಲ್ಟರ್ 36 ಇಂಚು ವ್ಯಾಸದ್ದು ಎಂದುಕೊಳ್ಳೋಣ. ಮರಳು ಚೆನ್ನಾಗಿ ಸೋಸಬೇಕಾದರೆ ಅದರಲ್ಲಿ ಗಂಟೆಗೆ ಸುಮಾರು 18,000 ಲೀಟರ್ ಹರಿಯಬೇಕು. ಕೊಳದ ನೀರು ಒಂದು ಸುತ್ತು ಬರಲು 6 ಗಂಟೆ ಬೇಕು. ನೀವು ಓಡಿಸುವುದು 4 ಗಂಟೆ. ಒಂದು ಸುತ್ತೂ ಪೂರ್ತಿಯಾಗುವುದಿಲ್ಲ. ಒಂದು ಸುತ್ತು ಆದರೂ ನೀರೆಲ್ಲ ಸೋಸಿತು ಎಂದಲ್ಲ. ಸೋಸಿದ ನೀರು ಮತ್ತೆ ಕೊಳೆ ನೀರಿಗೇ ಸೇರುತ್ತದೆ, ಅದರಲ್ಲಿ ಒಂದಿಷ್ಟು ಮತ್ತೆ ಫಿಲ್ಟರ್‌ಗೆ ಬರುತ್ತದೆ. ಹೀಗೆ ಬೆರೆಯುವುದರಿಂದ ಮೊದಲ ಸುತ್ತಿನಲ್ಲಿ ನಿಜಕ್ಕೂ ಫಿಲ್ಟರ್ ಕಂಡ ನೀರು ಸುಮಾರು 63 ಶೇಕಡಾ. ಎರಡು ಸುತ್ತಿಗೆ 86, ಮೂರಕ್ಕೆ 95, ನಾಲ್ಕಕ್ಕೆ 98. ಕೊಳ ತೆರೆದಿರುವ ದಿನಗಳಲ್ಲಿ ಕನಿಷ್ಠ ಎರಡು ಸುತ್ತು, 12 ಗಂಟೆ ಓಡಿಸಿ. ಎರಡು ಹೆಚ್‌ಪಿ ಮೋಟಾರಿಗೆ ಗಂಟೆಗೆ ಒಂದೂವರೆ ಯೂನಿಟ್ ಲೆಕ್ಕ. ಹೆಚ್ಚಿನ 8 ಗಂಟೆಗೆ ದಿನಕ್ಕೆ 12 ಯೂನಿಟ್ ಆಯಿತು. ನಿಮ್ಮ ಬಿಲ್ಲಿನ ದರ ಹಾಕಿ ಗುಣಿಸಿ, ಪಕ್ಕದಲ್ಲಿ 11 ಟ್ಯಾಂಕರಿನ ಬೆಲೆ ಮತ್ತು ಈ ತಿಂಗಳು ಸುರಿದ ಮದ್ದಿನ ಬೆಲೆ ಬರೆದು ಕಮಿಟಿಯ ಮುಂದಿಡಿ. ಮಾತಿಗಿಂತ ಆ ಕಾಗದ ಕೆಲಸ ಮಾಡುತ್ತದೆ. ಮಕ್ಕಳ ಪುಟ್ಟ ಕೊಳ ಬೇರೆ ಇದ್ದರೆ ಅದರ ನೀರು ಒಂದೆರಡು ಗಂಟೆಗೊಮ್ಮೆ ಸುತ್ತಬೇಕು. ನೀರು ಕಡಿಮೆ, ಗಲೀಜು ಜಾಸ್ತಿ.

ಮರಳು ಫಿಲ್ಟರಿನ ಸ್ವಭಾವ ವಿಚಿತ್ರ. ಹೊಸದಾಗಿ ತೊಳೆದ ಮರಳಿಗಿಂತ ಸ್ವಲ್ಪ ಕೊಳೆ ಕೂತ ಮರಳು ಚೆನ್ನಾಗಿ ಸೋಸುತ್ತದೆ. ಕಣಗಳ ನಡುವಿನ ಸಂದು ಕಿರಿದಾಗುತ್ತದೆ ಅಷ್ಟೇ. ಹಾಗಾಗಿ ದಿನಾ ಬೆಳಿಗ್ಗೆ ಬ್ಯಾಕ್‌ವಾಶ್ ಮಾಡುವುದು, ಅಂದರೆ ನೀರನ್ನು ಉಲ್ಟಾ ಹರಿಸಿ ಮರಳು ತೊಳೆಯುವುದು, ನೀರೂ ದಂಡ, ಸೋಸುವಿಕೆಯೂ ದಂಡ. ಬ್ಯಾಕ್‌ವಾಶ್ ಆದ ಕೂಡಲೇ ಪ್ರೆಶರ್ ಗೇಜ್ ಎಷ್ಟು ತೋರಿಸುತ್ತದೆಯೋ ಅದನ್ನು ಗೋಡೆಯ ಮೇಲೆ ಬರೆಯಿರಿ. ಅದಕ್ಕಿಂತ ಅರ್ಧ ಬಾರ್ ಏರಿದಾಗ ಮತ್ತೆ ಬ್ಯಾಕ್‌ವಾಶ್. ಗಾಜಿನ ಕಣ್ಣಿನಲ್ಲಿ ನೀರು ತಿಳಿಯಾಗುವವರೆಗೆ, ಎರಡು ಮೂರು ನಿಮಿಷ. ಆಮೇಲೆ ಅರ್ಧ ನಿಮಿಷ ರಿನ್ಸ್. ಈ ರಿನ್ಸ್ ಬಿಟ್ಟರೆ ಕೊಳೆಯೆಲ್ಲ ವಾಪಸ್ ಕೊಳಕ್ಕೆ. ಮೋಟಾರ್ ಓಡುವಾಗ ನೀರಿನ ದಾರಿ ಬದಲಿಸುವ ಮಲ್ಟಿಪೋರ್ಟ್ ವಾಲ್ವಿನ ಹಿಡಿಕೆ ಯಾವತ್ತೂ ತಿರುಗಿಸಬಾರದು, ಒಳಗಿನ ಗ್ಯಾಸ್ಕೆಟ್ ಕಿತ್ತುಹೋಗುತ್ತದೆ. ಪಾಚಿ ಸಾಯುವ ದಿನಗಳಲ್ಲಿ ಮಾತ್ರ ದಿನಕ್ಕೆ ಎರಡು ಸಲ ಬ್ಯಾಕ್‌ವಾಶ್ ಬೇಕಾಗಬಹುದು.

ಗೇಜ್ ಏರುತ್ತಲೇ ಇಲ್ಲ, ನೀರು ಮಾತ್ರ ಮಬ್ಬು ಎಂದರೆ ಮೋಟಾರ್ ನಿಲ್ಲಿಸಿ ಫಿಲ್ಟರ್ ಮುಚ್ಚಳ ತೆಗೆಸಿ, ಮರಳೊಳಗೆ ಕೈ ಹಾಕಿ ನೋಡಿ. ಗಡಸು ನೀರಿನ ಫಿಲ್ಟರುಗಳಲ್ಲಿ ಮರಳು ಸುಣ್ಣಗಟ್ಟಿ ಹೆಂಟೆಯಾಗಿರುತ್ತದೆ. ಹೆಂಟೆಗಳ ನಡುವೆ ನೀರು ಕಾಲುವೆ ಮಾಡಿಕೊಂಡು ಸೋಸದೆ ಹೊರಟುಹೋಗುತ್ತದೆ. ಹಾಗಿದ್ದರೆ ಮರಳು ಬದಲಿಸಬೇಕು. ಹೆಂಟೆ ಕಟ್ಟದಿದ್ದರೆ ಮರಳು 5ರಿಂದ 7 ವರ್ಷ ಬರುತ್ತದೆ. ಫಿಲ್ಟರಿಗೆಂದೇ ಮಾರುವ ಅರ್ಧ ಮಿಲಿಮೀಟರ್ ಆಸುಪಾಸಿನ ಸಿಲಿಕಾ ಮರಳು ಬೇಕು, ಗಾರೆಯ ಮರಳು ಆಗದು. ಸುರಿಯುವ ಮೊದಲು ಫಿಲ್ಟರ್ ಅರ್ಧ ನೀರು ತುಂಬಿಸಿ. ಇಲ್ಲದಿದ್ದರೆ ಮರಳಿನ ಭಾರಕ್ಕೆ ತಳದ ಸಣ್ಣ ಪೈಪುಗಳು ಮುರಿಯುತ್ತವೆ. ಆಮೇಲೆ ಕೊಳದ ತಳದಲ್ಲೆಲ್ಲ ಮರಳು.

ಇಂಥ ಮರಳು ಸುಮಾರು 20–30 ಮೈಕ್ರಾನಿಗಿಂತ ದೊಡ್ಡದನ್ನು ಹಿಡಿಯುತ್ತದೆ. ಗಣಪತಿ ಹಬ್ಬ ಹತ್ತಿರ ಬಂತು, ಅದಕ್ಕೇ ಹೇಳುತ್ತಿದ್ದೇನೆ. ಶಾಡೂ ಮಣ್ಣಿನ ಮೂರ್ತಿ ಪರಿಸರಕ್ಕೆ ಒಳ್ಳೆಯದು, ಕೊಳದಲ್ಲೇ ವಿಸರ್ಜನೆ ಮಾಡೋಣ ಎಂದು ಯಾರಾದರೂ ಭಕ್ತಿಯಿಂದಲೇ ಕೇಳಬಹುದು. ಆ ಜೇಡಿಮಣ್ಣು ಎಷ್ಟು ನುಣುಪೆಂದರೆ ಬಹುಪಾಲು ಮರಳಿನ ನಡುವೆ ದಾಟಿಹೋಗುತ್ತದೆ. ಪಕ್ಕದಲ್ಲಿ ದೊಡ್ಡ ಡ್ರಮ್ ಇಟ್ಟು ಅದರಲ್ಲಿ ಮಾಡಿ, ಆ ಮಣ್ಣು ತುಳಸಿ ಕಟ್ಟೆಗೆ ಹಾಕಿ.

ಓಝೋನ್ ಮಷಿನ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಅದು ಪೈಪಿನೊಳಗೆ ಹಾದುಹೋಗುವ ನೀರನ್ನು ಶುದ್ಧ ಮಾಡುತ್ತದೆ. ಕೊಳದೊಳಗೆ ಒಬ್ಬರಿಂದ ಇನ್ನೊಬ್ಬರಿಗೆ ರೋಗಾಣು ದಾಟುವ ಹೊತ್ತಿಗೆ ಅಲ್ಲಿ ಕಾವಲಿಗೆ ನಿಲ್ಲುವುದು ಕ್ಲೋರಿನ್ ಮಾತ್ರ. ಯುವಿ ದೀಪವೂ ಹಾಗೇ, ಆದರೆ ಕ್ಲೋರಮೈನ್ ಒಡೆಯುವುದರಲ್ಲಿ ಅದು ಉಪಯೋಗಿ. ಉಪ್ಪಿನ ಮಷಿನ್ ಅಂದರೆ ಉಪ್ಪಿನಿಂದ ಅಲ್ಲೇ ಕ್ಲೋರಿನ್ ತಯಾರಿಸುವುದು. ಅದೂ ಕ್ಲೋರಿನ್ ಕೊಳವೇ, ನಿಮ್ಮ ಗಡಸು ನೀರಿಗೆ ಅದರ ಪ್ಲೇಟು ಬೇಗ ಸುಣ್ಣ ಹಿಡಿಯುತ್ತದೆ. ಆ ದುಡ್ಡಿದ್ದರೆ ಮೊದಲು ಮರಳು, ಕಿಟ್ ಮತ್ತು ಹೈಪೋ ಹಾಕುವ ಡೋಸಿಂಗ್ ಪಂಪಿಗೆ ಖರ್ಚು ಮಾಡಿ.

ಈಜುವವರ ಪಾಲೂ ಇದೆ. ಪುಣೆಯ ಹಳಬರು ಈಜುಕೊಳಕ್ಕೆ ಈಗಲೂ ಟ್ಯಾಂಕ್ ಎನ್ನುತ್ತಾರೆ, ಡೆಕ್ಕನ್ ಜಿಮ್‌ಖಾನಾದ ತಿಳಕ ಟ್ಯಾಂಕ್ ಇದೆಯಲ್ಲ, ಹಾಗೆ. ಹೆಸರು ಏನೇ ಇರಲಿ, ಇಳಿಯುವ ಮುಂಚೆ ಒಂದು ನಿಮಿಷ ಶವರ್ ಕೆಳಗೆ ನಿಂತರೆ ಮೈಮೇಲಿನ ಬೆವರು, ಕ್ರೀಮು, ಕೊಬ್ಬರಿ ಎಣ್ಣೆ ಬಹಳಷ್ಟು ಅಲ್ಲೇ ಇಳಿದುಹೋಗುತ್ತದೆ. ಮಕ್ಕಳನ್ನು ಅರ್ಧ ಗಂಟೆಗೊಮ್ಮೆ ಟಾಯ್ಲೆಟ್‌ಗೆ ಕಳಿಸಿ. ಬೈದು ಕಳಿಸುವುದು ಬೇಡ, ಸೀಟಿ ಊದಿ ಎಲ್ಲರನ್ನೂ ಒಟ್ಟಿಗೆ ಎಬ್ಬಿಸಿ. ಭೇದಿ ಆಗುತ್ತಿರುವ ಮಗುವನ್ನು ಮಾತ್ರ ಖಂಡಿತ ಇಳಿಸಬಾರದು, ನಿಂತ ಮೇಲೂ ಎರಡು ವಾರ. ಸರಿಯಾದ ಪಿಹೆಚ್ ಇರುವ, ಸೈನ್ಯೂರಿಕ್ ಇಲ್ಲದ ನೀರಿನಲ್ಲಿ 1 ಪಿಪಿಎಂ ಕ್ಲೋರಿನ್ ಇದ್ದರೆ ಇ. ಕೋಲೈ ಒಂದು ನಿಮಿಷದೊಳಗೆ ಸಾಯುತ್ತದೆ. ಹೆಪಟೈಟಿಸ್ ಎ ವೈರಸ್‌ಗೆ 16 ನಿಮಿಷ ಬೇಕು, ಜಿಯಾರ್ಡಿಯಾಗೆ 45 ನಿಮಿಷ. ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರೋಪಜೀವಿಗೆ 10 ದಿನಕ್ಕೂ ಜಾಸ್ತಿ. ಅದರ ವಿಷಯದಲ್ಲಿ ಮದ್ದಿಗಿಂತ ತಾಯಂದಿರ ಎಚ್ಚರವೇ ಮೇಲು.

ಇನ್ನು ನಿಮ್ಮ ಹುಡುಗನಿಗೆ. ಇದನ್ನು ಅವನಿಗೆ ನಿಧಾನವಾಗಿ ಓದಿ ಹೇಳಿ.

ತಮ್ಮಾ, ಸುಮಾರು 20 ವರ್ಷದ ಹಿಂದೆ ಉತ್ತರ ಗೋವಾದ ಒಂದು ಹೋಟೆಲ್ಲಿನ ಕೊಳಕ್ಕೆ ನಾನೇ ಮದ್ದು ಹಾಕುತ್ತಿದ್ದೆ. ಜೊತೆಗೆ ಗದಗ ಕಡೆಯ ನಿನ್ನ ವಯಸ್ಸಿನ ಹುಡುಗ. ಹೈಪೋ ಅಳೆದ ಜಗ್ಗನ್ನು ತೊಳೆಯದೆ ಅದಕ್ಕೇ ಆಸಿಡ್ ಸುರಿದೆ. ಹಳದಿ ಹಸಿರು ಹೊಗೆ ಎದ್ದಿತು. ಪಂಪ್ ರೂಮ್ ನೆಲದಡಿಯಲ್ಲಿತ್ತು, ಕಿಟಕಿ ಇರಲಿಲ್ಲ. ನಾನು ಬಾಗಿಲ ಹತ್ತಿರ ಇದ್ದೆ, ಅವನು ಒಳಗೆ. ಕೆಮ್ಮುತ್ತಾ ಮಂಡಿಯೂರಿ ಬಿದ್ದವನನ್ನು ಎಳೆದು ತಂದೆವು. ಎರಡು ದಿನ ಆಸ್ಪತ್ರೆಯಲ್ಲಿ ಆಕ್ಸಿಜನ್ ಮೇಲಿದ್ದ. ಬದುಕಿದ. ತಪ್ಪು ಪೂರ್ತಿ ನನ್ನದು, ಇವತ್ತಿಗೂ ಆ ಕೆಮ್ಮು ನನ್ನ ಕಿವಿಯಲ್ಲಿದೆ. ಹೈಪೋ ಮತ್ತು ಆಸಿಡ್ ಒಂದೇ ಕೋಣೆಯಲ್ಲಿ ಇಡಬೇಡ. ಒಂದರ ಜಗ್ಗು, ಬಕೆಟ್ ಇನ್ನೊಂದಕ್ಕೆ ಬೇಡ. ಬಣ್ಣ ಬೇರೆ ಬೇರೆ ತರಿಸಿಕೋ. ಕೊಳಕ್ಕೆ ಹಾಕುವಾಗಲೂ ಎರಡರ ನಡುವೆ ಒಂದು ಗಂಟೆಯಾದರೂ ಬಿಡು. ಉಳಿದಿರುವ ಟಿಸಿಸಿಎ ಡಬ್ಬಿಯನ್ನು ಬೇರೆ ಒಣ ಜಾಗದಲ್ಲಿಡು. ಟಿಸಿಸಿಎ ಜೊತೆ ಹೈಪೋ ಆಗಲಿ ಬ್ಲೀಚಿಂಗ್ ಪೌಡರ್ ಆಗಲಿ ಬೆರೆತರೆ ಬೆಂಕಿ ಹತ್ತಬಹುದು, ಸಿಡಿಯಬಹುದು. ಗಾಳಿ ನಿನ್ನ ಬೆನ್ನ ಹಿಂದಿನಿಂದ ಬೀಸುವ ಹಾಗೆ ನಿಂತು ಸುರಿ. ಯಾರು ಎಷ್ಟೇ ಅವಸರ ಮಾಡಲಿ, ಕನ್ನಡಕ ಹಾಕದೆ ಮುಟ್ಟಬೇಡ.

ಮತ್ತೆ ನಿಮಗೆ. ಪಂಪ್ ರೂಮಿನಲ್ಲಿ ಒಂದು ನೋಟ್‌ಬುಕ್ ತೂಗುಹಾಕಿ. ಬೆಳಿಗ್ಗೆ ಮತ್ತು ಸಂಜೆ ಬಿಡುವಾಗಿರುವ ಕ್ಲೋರಿನ್, ಒಟ್ಟು ಕ್ಲೋರಿನ್, ಪಿಹೆಚ್, ಗೇಜ್, ಎಷ್ಟು ಲೀಟರ್ ಹೈಪೋ, ಮೋಟಾರ್ ಎಷ್ಟು ಗಂಟೆ. ಅವನೇ ಕನ್ನಡ ಅಂಕಿಯಲ್ಲಿ ಬರೆದರೂ ಸರಿ. ಜಾಲರಿ ಸ್ಪಷ್ಟವಾಗಿ ಕಂಡು, ಪಿಹೆಚ್ 7.2ರಿಂದ 7.6ರ ನಡುವೆ ನಿಂತು, ಕ್ಲೋರಿನ್ 3–4ಕ್ಕೆ ಇಳಿದು, ಕ್ಲೋರಮೈನ್ 0.4ರ ಒಳಗೆ ಬಂದು, ಎರಡು ರಾತ್ರಿ ಒಂದು ಪಿಪಿಎಂಗಿಂತ ಹೆಚ್ಚು ಖರ್ಚಾಗದಿದ್ದರೆ ಗೇಟ್ ತೆಗೆಯಿರಿ. ಹೈಪೋ ಕ್ಯಾನ್ ತರಿಸುವ ಮುಂಚೆ ಮೊಣಕೈವರೆಗಿನ ರಬ್ಬರ್ ಗ್ಲೌಸ್, ಸುತ್ತಲೂ ಮುಚ್ಚುವ ಕನ್ನಡಕ, ರಬ್ಬರ್ ಬೂಟು ತನ್ನಿ. ಅಂಗಡಿಗೆ ಹೋಗುವಾಗ ಹುಡುಗನನ್ನೂ ಕರೆದುಕೊಂಡು ಹೋಗಿ. ದೊಡ್ಡ ಸೈಜಿನ ಗ್ಲೌಸಿನಲ್ಲಿ ಕ್ಯಾನ್ ಜಾರುತ್ತದೆ. ಅವನ ಕೈಗೆ ಹಾಕಿ ನೋಡಿಯೇ ಕೊಳ್ಳಿ.